ವೇಗ ಇಪ್ಪತ್ತರ ಆಮೆಯ ಲೆಕ್ಕಾಚಾರ

ಪಿಕಾಚುವನ್ನು ಟಿವಿಯಲ್ಲಿ ನೋಡಿ ಬೆಳೆದವರ ಮನಸ್ಸಿನಲ್ಲಿ ಪೋಕೆಮಾನ್ ಕಾದಾಟವೆಂದರೆ ಮಿಂಚಿನ ಆಟ. ಯಾರು ಮೊದಲು ಹೊಡೆಯುತ್ತಾರೋ ಅವರದೇ ಮೇಲುಗೈ. 1996ರಲ್ಲಿ ಜಪಾನಿನಲ್ಲಿ ಗೇಮ್ ಬಾಯ್‌ಗೆ ಬಂದ ಮೊದಲ ಪೋಕೆಮಾನ್ ಆಟಗಳಲ್ಲಿ ಈ ಮಾತು ಬಹುಮಟ್ಟಿಗೆ ನಿಜವೇ ಆಗಿತ್ತು. ವೇಗ ಹೆಚ್ಚಿದ್ದ ಜೀವಿಗೆ ಮೊದಲ ಏಟು ಸಿಗುತ್ತಿತ್ತು. ಜೊತೆಗೆ, ಏಟು ‘ಕ್ರಿಟಿಕಲ್’ ಆಗಿ ಹೆಚ್ಚುಕಡಿಮೆ ದುಪ್ಪಟ್ಟು ಬೀಳುವ ಸಂಭವವೂ ಅದೇ ವೇಗವನ್ನು ನೋಡಿಕೊಂಡೇ ನಿರ್ಧಾರವಾಗುತ್ತಿತ್ತು. ನಿಧಾನಿಗಳಿಗೆ ಎರಡೂ ಕಡೆಯಿಂದ ನಷ್ಟ.

ಅಂಥ ಆಟದ ಸ್ಪರ್ಧೆಗಳಲ್ಲಿ ಈಗ ಎದುರಾಳಿಯ ಪಟ್ಟಿಯಲ್ಲಿ ಹೆಸರು ಕಂಡರೆ ಪಳಗಿದ ಆಟಗಾರರೂ ತಮ್ಮ ಲೆಕ್ಕವನ್ನು ಇನ್ನೊಮ್ಮೆ ನೋಡಿಕೊಳ್ಳುವಂಥ ಒಂದು ಆಮೆ ಇದೆ. ಅದರ ಹೆಸರು ಟೋರ್ಕೋಲ್. ಕಣದಲ್ಲಿ ಅದಕ್ಕಿಂತ ನಿಧಾನದ ಜೀವಿ ಸಿಗುವುದೇ ಕಷ್ಟ. ಹಾಗಿದ್ದೂ ಒಂದೇ ಸಲಕ್ಕೆ ಎದುರಿನ ಇಬ್ಬರನ್ನೂ ಮಲಗಿಸಬಲ್ಲದು. ನಿಧಾನವಾಗಿದ್ದರೂ ಗೆಲ್ಲುತ್ತದೆ ಎನ್ನುವುದಕ್ಕಿಂತ, ತನ್ನ ನಿಧಾನವನ್ನೇ ದುಡಿಸಿಕೊಂಡು ಗೆಲ್ಲುತ್ತದೆ ಎನ್ನುವುದೇ ಸರಿ. ಅದು ಹೇಗೆ ಎಂದು ತಿಳಿದರೆ ಈ ಆಟದ ಅರ್ಧ ಗುಟ್ಟು ತಿಳಿದಂತೆ.

ಮೊದಲು ನಿಯಮ. ಇದು ಸರದಿಯ ಆಟ. ಪ್ರತಿ ಸುತ್ತಿನಲ್ಲೂ ಇಬ್ಬರು ಆಟಗಾರರು ತಮ್ಮ ಆಯ್ಕೆಯನ್ನು ಗುಟ್ಟಾಗಿ ಒತ್ತುತ್ತಾರೆ. ಆಮೇಲೆ ಕಣದಲ್ಲಿರುವ ಜೀವಿಗಳು ವೇಗದ ಕ್ರಮದಲ್ಲಿ ಒಂದೊಂದಾಗಿ ತಮ್ಮ ಕೆಲಸ ಮುಗಿಸುತ್ತವೆ. ಸರದಿ ಬರುವ ಮುಂಚೆಯೇ ಉರುಳಿ ಬಿದ್ದ ಜೀವಿಯ ಆಯ್ಕೆ ಗಾಳಿಗೆ ಹೋಯಿತು. ಅಧಿಕೃತ ಚಾಂಪಿಯನ್‌ಷಿಪ್‌ಗಳಲ್ಲಿ ಆಡುವುದು ಡಬಲ್ಸ್: ಆರು ಜೀವಿಗಳ ತಂಡ ಕಟ್ಟಿ ತರಬೇಕು, ಎದುರಾಳಿಯ ಆರನ್ನೂ ನೋಡಿದ ಮೇಲೆ ತಮ್ಮ ನಾಲ್ಕನ್ನು ಆರಿಸಿಕೊಳ್ಳಬೇಕು, ಇಬ್ಬಿಬ್ಬರನ್ನು ಒಟ್ಟಿಗೆ ಕಣಕ್ಕಿಳಿಸಬೇಕು. ಎಲ್ಲರ ಲೆವೆಲ್ಲೂ 50ಕ್ಕೆ ಸಮ. ನಾಲ್ಕೇ ಜೀವಿಗಳಿರುವುದರಿಂದ ಪಂದ್ಯ ಬೇಗ ಮುಗಿಯುತ್ತದೆ. ಒಂದು ಸುತ್ತು ಕೈತಪ್ಪಿದರೆ ಪಂದ್ಯವೇ ಕೈತಪ್ಪಬಹುದು.

ಟೋರ್ಕೋಲ್ ಮೊದಲು ಕಾಣಿಸಿಕೊಂಡದ್ದು 2002ರ ರೂಬಿ ಮತ್ತು ಸಫೈರ್ ಆಟಗಳಲ್ಲಿ. ಆ ಕಥೆ ನಡೆಯುವ ಹೋಯೆನ್ ಎಂಬ ಕಲ್ಪಿತ ನಾಡಿಗೆ ಜಪಾನಿನ ಕ್ಯೂಷೂ ದ್ವೀಪವೇ ಮಾದರಿ. ಅಲ್ಲಿನ ಜ್ವಾಲಾಮುಖಿಯ ಬುಡದ ಬಿಸಿ ಸುರಂಗದಲ್ಲಿ ಸಿಗುವ ಈ ಆಮೆ ಚಿಪ್ಪಿನೊಳಗೆ ಕಲ್ಲಿದ್ದಲು ಉರಿಸುತ್ತ ಮೂಗಿನಿಂದ ಹೊಗೆ ಬಿಡುತ್ತದೆ. ಎತ್ತರ ಅರ್ಧ ಮೀಟರ್, ತೂಕ 80.4 ಕಿಲೊ. ಪ್ರತಿ ಪೋಕೆಮಾನ್‌ಗೂ ಆರು ಮೂಲಾಂಕಗಳಿರುತ್ತವೆ. ಟೋರ್ಕೋಲ್‌ನದು ಹೀಗೆ: ಎಚ್‌ಪಿ (ಅಂದರೆ ಜೀವಬಲ) 70, ಅಟ್ಯಾಕ್ 85, ಡಿಫೆನ್ಸ್ 140, ಸ್ಪೆಷಲ್ ಅಟ್ಯಾಕ್ 85, ಸ್ಪೆಷಲ್ ಡಿಫೆನ್ಸ್ 70, ಸ್ಪೀಡ್ 20. ಅತಿ ವೇಗದ ರೆಜಿಎಲೆಕಿಯ ಸ್ಪೀಡ್ 200 ಎಂದರೆ ಅಂತರ ಗೊತ್ತಾಗುತ್ತದೆ.

ಈ ಅಂಕಿಗಳನ್ನು ನೋಡಿದವರಿಗೆ ಹೊಳೆಯುವ ಮೊದಲ ಉಪಾಯ ಒಂದೇ: ಚಿಪ್ಪು ಗಟ್ಟಿಯಿದೆ, ಮುಂದೆ ನಿಲ್ಲಿಸೋಣ, ಏಟು ತಿನ್ನಲಿ. ಹದಿನಾಲ್ಕು ವರ್ಷ ಟೋರ್ಕೋಲ್ ಹೀಗೆಯೇ ಬದುಕಿತು, ಮತ್ತು ಹೆಚ್ಚಿನವರು ಅದನ್ನು ಮುಟ್ಟಲಿಲ್ಲ. ಗಟ್ಟಿಯಾಗಿ ನಿಲ್ಲುವುದೊಂದೇ ಕೆಲಸವಾದರೆ ಅದಕ್ಕಿಂತ ಗಟ್ಟಿಗರು ಬೇಕಾದಷ್ಟಿದ್ದಾರೆ. 140ರ ಚಿಪ್ಪು ತಡೆಯುವುದು ಮೈಮೇಲೆ ಬೀಳುವ ದೈಹಿಕ ಏಟನ್ನು ಮಾತ್ರ. ನೀರಿನ ಚಿಮ್ಮು, ಮಿಂಚು, ಮಾಂತ್ರಿಕ ಶಕ್ತಿಗಳ ‘ಸ್ಪೆಷಲ್’ ಏಟಿಗೆ ಅಡ್ಡ ನಿಲ್ಲುವುದು ಬರೀ 70. ಬೆಂಕಿಯ ಟೈಪ್ ಆದ್ದರಿಂದ ನೀರು, ನೆಲ, ಬಂಡೆ, ಈ ಮೂರರ ಏಟೂ ದುಪ್ಪಟ್ಟು.

ಅದರ ಹಣೆಬರಹ ಬದಲಾದದ್ದು 2016ರಲ್ಲಿ, ಸನ್ ಮತ್ತು ಮೂನ್ ಆಟಗಳು ಬಂದಾಗ. ಟೋರ್ಕೋಲ್‌ಗೆ ‘ಡ್ರೌಟ್’ ಎಂಬ ಎಬಿಲಿಟಿ, ಅಂದರೆ ತಾನಾಗಿಯೇ ಕೆಲಸ ಮಾಡುವ ಗುಣ, ಸಿಕ್ಕಿತು. ಆಮೆ ಕಣಕ್ಕೆ ಕಾಲಿಟ್ಟ ಕೂಡಲೇ ಐದು ಸುತ್ತು ಬಿರುಬಿಸಿಲು. ಬಿಸಿಲಲ್ಲಿ ಬೆಂಕಿಯ ಏಟು ಒಂದೂವರೆ ಪಟ್ಟು, ನೀರಿನ ಏಟು ಅರ್ಧ. ಹೀಗೆ ಒಂದೇ ಬಿಸಿಲು ಅದರ ಕತ್ತಿಯನ್ನೂ ಮಸೆಯಿತು, ದೊಡ್ಡ ಭಯವಾಗಿದ್ದ ನೀರಿಗೂ ಕಡಿವಾಣ ಹಾಕಿತು.

ನಿಧಾನ ಮೊದಲ ಸಲ ಲಾಭವಾಗಿ ಕಾಣುವುದೂ ಇಲ್ಲಿಯೇ. ಅದೇ 2016ರಲ್ಲಿ ಪೆಲಿಪರ್ ಎಂಬ ಹಕ್ಕಿಗೆ ಮಳೆ ತರಿಸುವ ಎಬಿಲಿಟಿ ಸಿಕ್ಕಿತು. ಪಂದ್ಯದ ಆರಂಭದಲ್ಲಿ ಒಬ್ಬರು ಪೆಲಿಪರ್, ಇನ್ನೊಬ್ಬರು ಟೋರ್ಕೋಲ್ ಇಳಿಸಿದರು ಎನ್ನಿ. ಇಬ್ಬರ ಎಬಿಲಿಟಿಯೂ ವೇಗದ ಕ್ರಮದಲ್ಲಿ ಕೆಲಸ ಮಾಡುತ್ತದೆ. 65ರ ವೇಗದ ಪೆಲಿಪರ್ ಮೊದಲು ಮಳೆ ಸುರಿಸುತ್ತದೆ. 20ರ ಟೋರ್ಕೋಲ್ ಆಮೇಲೆ ಬಿಸಿಲು ತರುತ್ತದೆ. ಎರಡು ಹವೆ ಒಟ್ಟಿಗೆ ಇರುವಂತಿಲ್ಲ. ಕೊನೆಗೆ ಬಂದದ್ದೇ ಉಳಿಯುತ್ತದೆ. ಮರಳುಗಾಳಿ ಎಬ್ಬಿಸುವ ಟೈರನಿಟಾರ್ 61, ಹಿಪ್ಪೌಡನ್ 47, ಹಿಮ ಸುರಿಸುವ ಅಲೋಲಾದ ನೈನ್‌ಟೇಲ್ಸ್ 109. ಎಲ್ಲರೂ ಟೋರ್ಕೋಲ್‌ಗಿಂತ ಚುರುಕು. ಎಲ್ಲರೂ ಮೊದಲ ಸುತ್ತಿನ ಹವಾಮಾನದ ಜಗಳದಲ್ಲಿ ಅದಕ್ಕೆ ಸೋಲುತ್ತಾರೆ. ಪೆಲಿಪರ್‌ನ ಯಜಮಾನ ಅದನ್ನು ಹೊರಗೆ ಕರೆಸಿ ಮತ್ತೆ ಇಳಿಸಿದರೆ ಮಳೆ ಬಂದೀತು, ನಿಜ. ಆದರೆ ಅಷ್ಟಕ್ಕೆ ಅವನ ಒಂದೆರಡು ಆಯ್ಕೆ ಖರ್ಚಾಗಿರುತ್ತದೆ.

ಇನ್ನು ಅದರ ಮುಖ್ಯ ಅಸ್ತ್ರ, ‘ಎರಪ್ಷನ್’. ಬೆಂಕಿಯ ಈ ಮೂವ್, ಅಂದರೆ ಪಟ್ಟು, ಎದುರಿನ ಇಬ್ಬರಿಗೂ ಒಟ್ಟಿಗೆ ಬಡಿಯುತ್ತದೆ. ಇದರ ಶಕ್ತಿ ಗರಿಷ್ಠ 150. ಆದರೆ ಅದು ಪೂರ್ತಿ ಸಿಗುವುದು ಹೊಡೆಯುವವನ ಎಚ್‌ಪಿ ತುಂಬಿದ್ದಾಗ ಮಾತ್ರ. ಎಚ್‌ಪಿ ಎಷ್ಟು ಪಾಲು ಇಳಿಯಿತೋ ಶಕ್ತಿಯೂ ಅಷ್ಟೇ ಪಾಲು ಇಳಿಯುತ್ತದೆ. ಅಂದರೆ ಟೋರ್ಕೋಲ್‌ನ ಎಚ್‌ಪಿಯೇ ಅದರ ಮದ್ದುಗುಂಡು. ಈಗ 140ರ ಚಿಪ್ಪಿಗೆ ಬೇರೆಯೇ ಅರ್ಥ ಬರುತ್ತದೆ. ಅದು ಜೀವ ಉಳಿಸಿಕೊಳ್ಳಲು ಇರುವ ಗೋಡೆ ಅನ್ನುವುದಕ್ಕಿಂತ, ಮುಂದಿನ ಏಟಿನ ಬಲ ಸೋರದಂತೆ ಕಾಯುವ ಮುಚ್ಚಳ.

ಒಂದು ಲೆಕ್ಕ ಮಾಡಿ ನೋಡೋಣ. ಎಚ್‌ಪಿ ಮತ್ತು ಸ್ಪೆಷಲ್ ಅಟ್ಯಾಕ್ ಎರಡಕ್ಕೂ ಪೂರ್ತಿ ತರಬೇತಿ ಕೊಟ್ಟ ಟೋರ್ಕೋಲ್‌ಗೆ ಲೆವೆಲ್ 50ರಲ್ಲಿ 177 ಎಚ್‌ಪಿ, 150 ಸ್ಪೆಷಲ್ ಅಟ್ಯಾಕ್ ಬರುತ್ತದೆ. ಎದುರಿಗೆ 150 ಎಚ್‌ಪಿಯ, 100 ಸ್ಪೆಷಲ್ ಡಿಫೆನ್ಸಿನ, ಬೆಂಕಿಗೆ ಹೆಚ್ಚೂ ಕಡಿಮೆಯೂ ಇಲ್ಲದ ಸಾಧಾರಣ ಜೀವಿಯೊಂದಿದೆ. ಬಿಸಿಲಿದೆ. ಟೋರ್ಕೋಲ್ ಮೈಗೆ ಒಂದು ಗೀರೂ ಬಿದ್ದಿಲ್ಲ. ಏಟು ಇಬ್ಬರಿಗೆ ಹಂಚಿಹೋಗುವುದರಿಂದ ಕಾಲು ಭಾಗ ಕಡಿತವಾಗುತ್ತದೆ. ಆ ಕಡಿತದ ನಂತರವೂ ಒಬ್ಬೊಬ್ಬರಿಗೂ ಬೀಳುವುದು 144ರಿಂದ 171. ಹೆಚ್ಚಿನ ಸಲ ಜೀವಿ ಮಲಗುತ್ತದೆ. ಈಗ ಟೋರ್ಕೋಲ್ ಮೊದಲೇ ಒಂದು ಏಟು ತಿಂದು 118 ಎಚ್‌ಪಿಗೆ ಇಳಿದಿದೆ ಎನ್ನಿ. ಮೂರರಲ್ಲಿ ಎರಡು ಪಾಲು ಉಳಿದಿದೆ, ಎರಪ್ಷನ್ನಿನ ಶಕ್ತಿ 100. ಅದೇ ಜೀವಿಗೆ ಬೀಳುವುದು 96ರಿಂದ 114. ಜೀವಿ ನಿಂತೇ ಇರುತ್ತದೆ, ಮುಂದಿನ ಸುತ್ತಿನಲ್ಲಿ ತಿರುಗಿ ಬಡಿಯುತ್ತದೆ. ಮೊದಲು ಹೊಡೆದದ್ದಕ್ಕೂ ಏಟು ತಿಂದ ಮೇಲೆ ಹೊಡೆದದ್ದಕ್ಕೂ ಇರುವ ದೂರ ಇಷ್ಟು.

ಈ ಲೆಕ್ಕದಿಂದಲೇ ಇನ್ನೊಂದು ರೂಢಿ ಬಂದಿದೆ. ಬಹಳ ಜನ ಎರಪ್ಷನ್ ಜೊತೆಗೆ ‘ಹೀಟ್ ವೇವ್’ ಅನ್ನೂ ಇಟ್ಟುಕೊಳ್ಳುತ್ತಾರೆ. ಅದರ ಶಕ್ತಿ 95. ನೂರಕ್ಕೆ ತೊಂಬತ್ತು ಸಲ ತಾಗುತ್ತದೆ, ಎಚ್‌ಪಿ ಎಷ್ಟೇ ಇರಲಿ ಶಕ್ತಿ ಬದಲಾಗುವುದಿಲ್ಲ. ಟೋರ್ಕೋಲ್‌ನ ಎಚ್‌ಪಿ 112ಕ್ಕೆ ಇಳಿಯಿತೆಂದರೆ ಎರಪ್ಷನ್‌ಗಿಂತ ಹೀಟ್ ವೇವ್ ಜೋರು. ಪಳಗಿದವರು ಪರದೆಯ ಮೇಲಿನ ಎಚ್‌ಪಿ ಪಟ್ಟಿಯ ಮೇಲೆ ಒಂದು ಕಣ್ಣಿಟ್ಟೇ ಇರುತ್ತಾರೆ.

ಹಾಗಾದರೆ ಉಳಿದ ಪ್ರಶ್ನೆ ಒಂದೇ. ವೇಗ 20ರ ಆಮೆ ಏಟು ತಿನ್ನುವ ಮೊದಲೇ ಹೊಡೆಯುವುದು ಹೇಗೆ?

ಉತ್ತರ ‘ಟ್ರಿಕ್ ರೂಮ್’. 2006ರ ಡೈಮಂಡ್ ಮತ್ತು ಪರ್ಲ್ ಆಟಗಳಲ್ಲಿ ಬಂದ ಈ ಮೂವ್ ಐದು ಸುತ್ತಿನ ಮಟ್ಟಿಗೆ ವೇಗದ ಕ್ರಮವನ್ನು ತಲೆಕೆಳಗು ಮಾಡುತ್ತದೆ. ರೇಷನ್ ಅಂಗಡಿಯ ಸಾಲಿಗೆ ಇದ್ದಕ್ಕಿದ್ದಂತೆ ಹಿಂದಿನ ಬಾಗಿಲಿನಿಂದ ಅಕ್ಕಿ ಅಳೆಯಲು ಶುರುಮಾಡಿದರೆ ಏನಾಗುತ್ತದೋ ಅದೇ: ಬೆಳಗ್ಗೆ ಐದಕ್ಕೇ ಬಂದು ನಿಂತವರು ಕಟ್ಟಕಡೆಗೆ, ಈಗಷ್ಟೇ ಬಂದವರು ಮೊದಲಿಗೆ. ಟೋರ್ಕೋಲ್ ಸಾಲಿನ ತುದಿಯಲ್ಲಿತ್ತು, ಆದ್ದರಿಂದ ಈಗ ಅದೇ ಮುಂದು.

ಟ್ರಿಕ್ ರೂಮ್‌ಗೆ ಒಂದು ಶಾಪವೂ ಇದೆ. ಅದನ್ನು ಹಾಕುವ ಜೀವಿ ಎಷ್ಟೇ ಚುರುಕಾಗಿರಲಿ, ಆ ಸುತ್ತಿನಲ್ಲಿ ಎಲ್ಲರ ಕೆಲಸ ಮುಗಿದ ಮೇಲೆಯೇ ಅದರ ಸರದಿ. ಹಾಕಿದ ಸುತ್ತೂ ಐದರ ಲೆಕ್ಕಕ್ಕೆ ಸೇರುವುದರಿಂದ ನಿಜವಾಗಿ ಕೈಗೆ ಸಿಗುವುದು ನಾಲ್ಕೇ ಸುತ್ತು. ಇನ್ನೊಮ್ಮೆ ಯಾರಾದರೂ ಅದನ್ನೇ ಹಾಕಿದರೆ ಹಳೆಯದು ರದ್ದು.

ಕ್ರಮ ತಲೆಕೆಳಗಾದ ಮೇಲೆ ವೇಗ ಕಡಿಮೆಯಿದ್ದಷ್ಟೂ ಲಾಭ. ಆದ್ದರಿಂದ ಟೋರ್ಕೋಲ್ ಸಾಕುವವರು ಅದನ್ನು ಇನ್ನಷ್ಟು ನಿಧಾನ ಮಾಡಲು ಬೆವರು ಸುರಿಸುತ್ತಾರೆ. ಸ್ಪೆಷಲ್ ಅಟ್ಯಾಕ್ ಹೆಚ್ಚಿಸಿ ವೇಗ ತಗ್ಗಿಸುವ ‘ಕ್ವಯಟ್’ ಸ್ವಭಾವ, ಹುಟ್ಟುಗುಣದ ವೇಗದ ಅಂಕ ಸೊನ್ನೆ. ಸುಮ್ಮನೆ ಬಿಟ್ಟಿದ್ದರೆ ಲೆವೆಲ್ 50ರಲ್ಲಿ 40 ಆಗುತ್ತಿದ್ದ ವೇಗ ಹೀಗೆ 22ಕ್ಕೆ ಇಳಿಯುತ್ತದೆ. ಹದಿನೆಂಟು ಅಂಕ ಕಳೆದುಕೊಂಡದ್ದಕ್ಕೆ ಸಿಗುವ ಪ್ರತಿಫಲ ಕಡಿಮೆಯದಲ್ಲ. ನಿಧಾನಿಗಳೊಳಗಿನ ಪೈಪೋಟಿಯಲ್ಲಿ ಅಣಬೆ ರೂಪದ ಅಮೂಂಗಸ್ ಹೆಸರುವಾಸಿ. ಅದರ ಮೂಲ ವೇಗ 30, ತಗ್ಗಿಸಿದರೂ 31ಕ್ಕೇ ನಿಲ್ಲುತ್ತದೆ. ಟ್ರಿಕ್ ರೂಮಿನಲ್ಲಿ ಅದು ನಿದ್ದೆ ಬರಿಸುವ ಬೀಜಾಣು ಎರಚುವ ಮೊದಲೇ 22ರ ಟೋರ್ಕೋಲ್ ಸುಟ್ಟಿರುತ್ತದೆ. 40ರಲ್ಲೇ ಬಿಟ್ಟಿದ್ದರೆ ಟೋರ್ಕೋಲ್ ಮೊದಲು ನಿದ್ದೆ ಹೋಗುತ್ತಿತ್ತು. ಏಟನ್ನು ತನ್ನ ಮೇಲೆ ಎಳೆದುಕೊಂಡು ಜೊತೆಗಾರನನ್ನು ಕಾಯುವುದು ಅಮೂಂಗಸ್‌ನ ಇನ್ನೊಂದು ಕಸುಬು. ಇಬ್ಬರಿಗೂ ಬಡಿಯುವ ಎರಪ್ಷನ್ ಎದುರು ಆ ಕಸುಬೂ ನಡೆಯುವುದಿಲ್ಲ.

ಟ್ರಿಕ್ ರೂಮ್ ಇಲ್ಲದೆಯೂ ಒಂದು ದಾರಿಯಿದೆ. 2017ರ ಸ್ಪರ್ಧಾವರ್ಷದಲ್ಲಿ ಅದು ಬಹಳ ಜನರನ್ನು ಕಾಡಿತ್ತು. ಟೋರ್ಕೋಲ್ ಪಕ್ಕದಲ್ಲಿ ಹೂವಿನ ರಾಣಿಯಂಥ ಲಿಲ್ಲಿಗಂಟ್. ಅದರ ‘ಕ್ಲೋರೊಫಿಲ್’ ಎಬಿಲಿಟಿಯಿಂದ ಬಿಸಿಲಲ್ಲಿ ವೇಗ ದುಪ್ಪಟ್ಟು. ಅದು ಮೊದಲು ಎದ್ದು ‘ಆಫ್ಟರ್ ಯು’ ಬಳಸುತ್ತದೆ, ಅಂದರೆ ತನ್ನ ಹಿಂದೆಯೇ ಹೊಡೆಯುವ ಹಕ್ಕನ್ನು ಜೊತೆಗಾರನಿಗೆ ಕೊಡುತ್ತದೆ. ಮೊದಲ ಸುತ್ತಿನಲ್ಲೇ, ಯಾರೂ ಕೈ ಎತ್ತುವ ಮೊದಲು, ತುಂಬಿದ ಎಚ್‌ಪಿಯ ಎರಪ್ಷನ್. ಎದುರಾಳಿ ಅದನ್ನು ತಡೆಯಲು ಸಿದ್ಧನಾಗಿ ಬಂದಿದ್ದರೆ ಲಿಲ್ಲಿಗಂಟ್ ನಿದ್ದೆಯ ಪುಡಿ ಎರಚುತ್ತದೆ. ಎರಡರಲ್ಲಿ ಯಾವುದು ಬರುತ್ತದೆ ಎಂದು ಊಹಿಸುವುದೇ ಎದುರಿನವರ ಸಂಕಟ.

2022ರ ನವೆಂಬರಿನಲ್ಲಿ ಸ್ಕಾರ್ಲೆಟ್ ಮತ್ತು ವಯಲೆಟ್ ಬಂದ ಮೇಲೆ ಇನ್ನೊಂದು ಕಟ್ಟು ಜನಪ್ರಿಯವಾಯಿತು. ಇದರಲ್ಲಿ ಮೊದಲು ಇಳಿಯುವುದು ಕವಚ ತೊಟ್ಟ ಆರ್ಮರೂಜ್ ಮತ್ತು ಹೆಣ್ಣು ಇಂಡೀಡೀ. ಟೋರ್ಕೋಲ್ ಹಿಂದೆ ಕಾಯುತ್ತಿರುತ್ತದೆ. ಮೊದಲ ಸುತ್ತಿನಲ್ಲಿ ಆರ್ಮರೂಜ್ ಟ್ರಿಕ್ ರೂಮ್ ಹಾಕಬೇಕು. ಅದು ಕಟ್ಟಕಡೆಗೆ ಆಗುವ ಕೆಲಸ, ಅಷ್ಟರೊಳಗೆ ಅದನ್ನು ಕೆಡವಲು ಎದುರಿನವರು ಇಬ್ಬರೂ ಮುಗಿಬೀಳುತ್ತಾರೆ. ಇಂಡೀಡೀ ‘ಫಾಲೋ ಮಿ’ ಎಂದು ಆ ಏಟುಗಳನ್ನು ತನ್ನ ಮೇಲೆ ಹಾಕಿಕೊಳ್ಳುತ್ತದೆ. ಅದು ಕಾಲಿಟ್ಟಾಗಲೇ ಹಾಸಿದ ‘ಸೈಕಿಕ್ ಟೆರೇನ್’ ನೆಲದ ಮೇಲಿರುವ ಜೀವಿಗಳನ್ನು ಸರದಿ ಮುರಿದು ನುಗ್ಗುವ ಮೂವ್‌ಗಳಿಂದ ಕಾಯುತ್ತದೆ. ಹೀಗಾಗಿ ‘ಫೇಕ್ ಔಟ್’ ಎಂಬ ಚಪ್ಪಾಳೆಯೇಟಿನಿಂದ ಆರ್ಮರೂಜ್‌ನ ಸರದಿ ಕೆಡಿಸುವುದು ಆಗದು.

ಇಲ್ಲಿ ಸೂಕ್ಷ್ಮವೊಂದಿದೆ. ಇಂಡೀಡೀ ಬಿದ್ದರೆ ತಂಡಕ್ಕೆ ಬೇಸರವಿಲ್ಲ, ಕೆಲವೊಮ್ಮೆ ಅದೇ ಬೇಕಾಗಿರುತ್ತದೆ. ಆಟದ ಮಧ್ಯೆ ಜೀವಿಯನ್ನು ಬದಲಿಸಿ ಇಳಿಸಿದರೆ ಹೊಸಬ ಆ ಸುತ್ತಿನ ಏಟನ್ನೆಲ್ಲ ತಿನ್ನಬೇಕು. ಬಿದ್ದವನ ಜಾಗಕ್ಕೆ ಇಳಿಸಿದರೆ ಸುತ್ತು ಮುಗಿದಿರುತ್ತದೆ, ಹೊಸಬನ ಮೈಗೆ ಧೂಳೂ ತಾಗುವುದಿಲ್ಲ. ಟೋರ್ಕೋಲ್ ಹೀಗೆ 177ಕ್ಕೆ 177 ಎಚ್‌ಪಿ ಇಟ್ಟುಕೊಂಡು, ಹೊಸ ಬಿಸಿಲನ್ನು ಹೊತ್ತುಕೊಂಡು, ಆಗಲೇ ತಲೆಕೆಳಗಾದ ಸಾಲಿನ ಮುಂದೆ ಬಂದು ನಿಲ್ಲುತ್ತದೆ. ಮುಂದಿನ ಸುತ್ತಿನ ಮೊದಲ ಏಟು ಅದರದು, ಶಕ್ತಿ ಪೂರ್ತಿ 150. ಎದುರಾಳಿಗೆ ಇಂಡೀಡೀಯನ್ನು ಕೆಡವಿದ ಸಂತೋಷ ಒಂದು ಸುತ್ತಿಗೂ ಬಾಳುವುದಿಲ್ಲ.

ಇದನ್ನೆಲ್ಲ ಓದಿ ಟೋರ್ಕೋಲ್ ಸೋಲದ ಜೀವಿ ಎಂದುಕೊಂಡರೆ ತಪ್ಪು. ಇದರ ಬಲವೆಲ್ಲ ಕಣ್ಣಿಗೆ ಕಾಣುವಂಥದ್ದು, ಕಂಡದ್ದಕ್ಕೆ ಮದ್ದು ಹುಡುಕುವುದು ಸುಲಭ. ಮೊದಲ ಮದ್ದು ‘ವೈಡ್ ಗಾರ್ಡ್’. ಇಬ್ಬರಿಗೂ ಬಡಿಯುವ ಮೂವ್‌ಗಳನ್ನು ತಡೆಯುವ ಈ ಗುರಾಣಿ ಎರಪ್ಷನ್, ಹೀಟ್ ವೇವ್ ಎರಡನ್ನೂ ಹೀರಿಬಿಡುತ್ತದೆ. ಅದಕ್ಕೇ ಜಾಣರು ಟೋರ್ಕೋಲ್‌ಗೆ ಒಬ್ಬನಿಗಷ್ಟೇ ಬಡಿಯುವ ‘ಸೋಲಾರ್ ಬೀಮ್’ ಅನ್ನೂ ಕಲಿಸಿರುತ್ತಾರೆ. ಬಿಸಿಲಲ್ಲಿ ಅದಕ್ಕೆ ಒಂದು ಸುತ್ತು ಕಾಯುವ ಗೋಳಿಲ್ಲ. ಬೆಂಕಿಯನ್ನು ನಿರಾಯಾಸವಾಗಿ ತಾಳಿಕೊಳ್ಳುವ ನೀರಿನ ಜೀವಿಗಳಿಗೂ ಅದೇ ಉತ್ತರ. ಎರಡನೆಯ ಮದ್ದು, ಟ್ರಿಕ್ ರೂಮ್ ಹಾಕುವವರನ್ನೇ ತಡೆಯುವುದು. ‘ಟಾಂಟ್’ ಬಿದ್ದ ಜೀವಿ ಏಟಿನ ಮೂವ್‌ಗಳನ್ನಷ್ಟೇ ಬಳಸಬಹುದು. ಮೂರನೆಯದು ‘ಫ್ಲ್ಯಾಷ್ ಫೈರ್’ ಎಬಿಲಿಟಿಯ ಜೀವಿಗಳು. ಅವಕ್ಕೆ ಬೆಂಕಿ ತಾಗುವುದೇ ಇಲ್ಲ, ತಾಗಿಸಲು ಹೋದರೆ ಅವುಗಳ ಬೆಂಕಿಯೇ ಜೋರಾಗುತ್ತದೆ.

ನಾಲ್ಕನೆಯದು ಎಲ್ಲಕ್ಕಿಂತ ಸರಳ, ಆದರೆ ಹೊಸಬರಿಗೆ ಹೊಳೆಯುವುದು ತಡವಾಗಿ. ಟೋರ್ಕೋಲ್ ಅನ್ನು ಕೆಡವಲೇಬೇಕೆಂದಿಲ್ಲ, ಗೀರಿದರೆ ಸಾಕು. 140ರ ಚಿಪ್ಪಿಗೆ ಹೆದರಿ ಅದನ್ನು ಬಿಟ್ಟು ಪಕ್ಕದವನ ಮೇಲೆ ಮುಗಿಬೀಳುವುದು ಸಹಜ. ಆದರೆ 60 ಅಂಕದ ಒಂದು ಏಟು ಬಿದ್ದರೂ ಎರಪ್ಷನ್ ಮೂರರಲ್ಲೊಂದು ಪಾಲು ಸೊರಗುತ್ತದೆ. ಆಮೆಯ ಜೀವಕ್ಕಿಂತ ಅದರ ಏಟಿನ ಬಲ ಕಡಿಮೆ ಬೆಲೆಗೆ ಸಿಗುತ್ತದೆ.

ಒಬ್ಬರಿಗೊಬ್ಬರು ಎದುರಾಗಿ, ಆರೂ ಜೀವಿಗಳನ್ನು ಇಳಿಸಿ ಆಡುವ ಸಿಂಗಲ್ಸ್‌ನಲ್ಲಿ ಟೋರ್ಕೋಲ್‌ನ ಪಾತ್ರವೇ ಬೇರೆ. ಅಲ್ಲಿ ಪಂದ್ಯ ಉದ್ದ. ಟೋರ್ಕೋಲ್ ಬಿಸಿಲು ತಂದು, ಕಣಕ್ಕೆ ಇಳಿಯುವವರನ್ನು ಚುಚ್ಚುವ ಕಲ್ಲು ಹರಡಿ ಅಥವಾ ಎದುರಾಳಿ ಹರಡಿದ ಕಲ್ಲು ಗುಡಿಸಿ, ಬಿಸಿಲಲ್ಲಿ ಚುರುಕಾಗುವ ಗೆಳೆಯರಿಗೆ ಜಾಗ ಬಿಟ್ಟುಕೊಡುತ್ತದೆ. ಬಿಸಿಲನ್ನು ಎಂಟು ಸುತ್ತಿಗೆ ಹಿಗ್ಗಿಸುವ ‘ಹೀಟ್ ರಾಕ್’ ಕೊಡಬೇಕೋ, ಕಾಲಿಗೆ ಕಲ್ಲು ಚುಚ್ಚದ ಬೂಟು ಕೊಡಬೇಕೋ ಎನ್ನುವುದು ಅಲ್ಲಿನ ಮುಗಿಯದ ಚರ್ಚೆ. ಬೂಟಿಲ್ಲದೆ ಕಲ್ಲಿನ ಮೇಲೆ ಇಳಿದರೆ ಪ್ರತಿ ಸಲವೂ ಕಾಲು ಭಾಗ ಎಚ್‌ಪಿ ಹೋಗುತ್ತದೆ. ಅಲ್ಲಿ ನಿಧಾನ ಲಾಭವೂ ಅಲ್ಲ, ದೊಡ್ಡ ನಷ್ಟವೂ ಅಲ್ಲ.

ಟೋರ್ಕೋಲ್ ನಂಬಿ ತಂಡ ಕಟ್ಟುವವರು ಕೊನೆಗೆ ಕೇಳಿಕೊಳ್ಳಬೇಕಾದ ಪ್ರಶ್ನೆ ಗಡಿಯಾರದ್ದು. ಮೊದಲ ಸುತ್ತಿನಲ್ಲೇ ಟೋರ್ಕೋಲ್ ಇಳಿದು, ಅದೇ ಸುತ್ತಿನಲ್ಲಿ ಟ್ರಿಕ್ ರೂಮ್ ಬಿದ್ದರೆ, ಐದನೆಯ ಸುತ್ತಿನ ಕೊನೆಗೆ ಬಿಸಿಲೂ ಟ್ರಿಕ್ ರೂಮೂ ಒಟ್ಟಿಗೇ ಮುಗಿಯುತ್ತವೆ. ಎದುರಾಳಿಗೆ ಇದು ಗೊತ್ತು. ಆದ್ದರಿಂದ ಆತ ಆ ನಾಲ್ಕು ಸುತ್ತುಗಳಲ್ಲಿ ಗೆಲ್ಲಲು ಹೋಗುವುದಿಲ್ಲ. ‘ಪ್ರೊಟೆಕ್ಟ್’ ಎಂಬ ಗುರಾಣಿ ಹಿಡಿಯುತ್ತಾನೆ, ಜೀವಿಗಳನ್ನು ಅದಲುಬದಲು ಮಾಡುತ್ತಾನೆ, ಒಂದೊಂದು ಸುತ್ತನ್ನೂ ತಿನ್ನುತ್ತಾನೆ. ಆರನೆಯ ಸುತ್ತಿಗೆ ಟೋರ್ಕೋಲ್ ಮತ್ತೆ ಸಾಲಿನ ತುದಿಗೆ ಹೋಗಿರುತ್ತದೆ, ನೀರಿನ ಏಟು ಮತ್ತೆ ಪೂರ್ತಿ ಬೀಳುತ್ತದೆ. ಅಷ್ಟರೊಳಗೆ ಎದುರಿನ ನಾಲ್ವರಲ್ಲಿ ಇಬ್ಬರನ್ನಾದರೂ ಮಲಗಿಸಿರಬೇಕು. ಇಲ್ಲವೇ ಟ್ರಿಕ್ ರೂಮನ್ನು ಇನ್ನೊಮ್ಮೆ ಹಾಕಬಲ್ಲ ಜೀವಿ ಉಳಿದಿರಬೇಕು, ಅಥವಾ ಹಿಂದೆ ಚುರುಕಿನ ಒಬ್ಬ ಕಾಯುತ್ತಿರಬೇಕು. ಟೋರ್ಕೋಲ್ ತಂಡಗಳು ಸೋಲುವುದು ಆಮೆಯ ನಿಧಾನದಿಂದ ಅಪರೂಪ. ಆರನೆಯ ಸುತ್ತಿಗೆ ಏನು ಎಂದು ತಂಡ ಕಟ್ಟುವಾಗಲೇ ಯೋಚಿಸದಿದ್ದರೆ ಸೋಲು ಗ್ಯಾರಂಟಿ.